ಅಂತರಿಕ್ಷದಲ್ಲಿ ದುಡಿಯುವವರು: ಕೆಲವು ವಿಜ್ಞಾನ ಕಥೆಗಳ ಓದು

ವಿಜ್ಞಾನ ಕಥೆ ಎಂದಾಗ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಎರಡು ಬಗೆಯ ನಾಯಕರು. ಒಬ್ಬ, ಪ್ರಯೋಗಾಲಯದಲ್ಲಿ ಯಾರಿಗೂ ಗೊತ್ತಾಗದಂತೆ ಲೋಕವನ್ನೇ ಬದಲಿಸುವ ಯಂತ್ರ ಕಟ್ಟುವ ವಿಜ್ಞಾನಿ. ಇನ್ನೊಬ್ಬ, ಮಿರಮಿರ ಮಿಂಚುವ ನೌಕೆಯ ಮುಂದಿನ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುವ ಕ್ಯಾಪ್ಟನ್. ಆ ನೌಕೆಯ ಪೈಪು ಸೋರಿದರೆ ಬಿಗಿ ಮಾಡುವವರು ಯಾರು, ಅಡಿಗೆ ಮಾಡುವವರು ಯಾರು, ಅವರಿಗೆ ಸಂಬಳ ಎಷ್ಟು, ರಜೆ ಯಾವಾಗ ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಈ ಪ್ರಶ್ನೆಗಳನ್ನೇ ಕಥೆಯ ನಡುಮನೆಗೆ ತಂದ ಬರಹಗಾರರೂ ಇದ್ದಾರೆ. ಅವರಲ್ಲಿ ಹಲವರು ನಾವು ಈಗ ಬದುಕುತ್ತಿರುವ ನ್ಯೂಯಾರ್ಕ್, ನ್ಯೂಜೆರ್ಸಿ ಸುತ್ತಮುತ್ತಲಿನವರು, ಅಥವಾ ಇಲ್ಲಿಂದ ಹೊರಟ ಪತ್ರಿಕೆಗಳಲ್ಲಿ ಬರೆದವರು. ಅಂಥ ಮೂರು ಕಥೆ, ಒಂದು ಸಿನಿಮಾ, ಒಂದು ಕಾದಂಬರಿಯನ್ನು ಇಲ್ಲಿ ಓದಿ, ಅವು ಕನ್ನಡದ ಬರವಣಿಗೆಗೆ, ಅದರಲ್ಲೂ ಅಮೆರಿಕದಲ್ಲಿ ಕೂತು ಬರೆಯುವ ನಮಗೆ, ಏನು ಹೇಳುತ್ತವೆ ಎಂದು ನೋಡುವುದು ಈ ಪ್ರಬಂಧದ ಉದ್ದೇಶ.

ಓದುವಾಗ ನಾನು ಇಟ್ಟುಕೊಂಡಿರುವ ಪ್ರಶ್ನೆಗಳು ಎರಡೇ. ಈ ಕೆಲಸದ ಲಾಭ ಯಾರಿಗೆ? ಕೆಲಸ ಕೆಟ್ಟರೆ ಅದರ ಹೊಣೆ ಯಾರ ತಲೆಗೆ?

ಪತ್ರಿಕೆಗಳ ಊರು

ವಿಜ್ಞಾನ ಕಥೆಗೆಂದೇ ಮೀಸಲಾದ ಮೊದಲ ಇಂಗ್ಲಿಷ್ ಮಾಸಪತ್ರಿಕೆ ‘ಅಮೇಜಿಂಗ್ ಸ್ಟೋರೀಸ್’ 1926ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತು. ಅದನ್ನು ತೆಗೆದ ಹ್ಯೂಗೋ ಗರ್ನ್ಸ್‌ಬ್ಯಾಕ್ ಲಕ್ಸೆಂಬರ್ಗಿನಿಂದ ವಲಸೆ ಬಂದವರು, ರೇಡಿಯೋ ಬಿಡಿಭಾಗಗಳ ವ್ಯಾಪಾರ ಮಾಡಿದವರು. ಮುಂದೆ ‘ಅಸ್ಟೌಂಡಿಂಗ್’ ಪತ್ರಿಕೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಡೆಸಿದ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಹುಟ್ಟಿದ್ದು 1910ರಲ್ಲಿ, ನಮ್ಮ ನೆವಾರ್ಕಿನಲ್ಲಿ. ತೀರಿಕೊಂಡದ್ದು 1971ರಲ್ಲಿ, ನ್ಯೂಜೆರ್ಸಿಯ ಮೌಂಟನ್‌ಸೈಡ್‌ನಲ್ಲಿ. 1950ರಲ್ಲಿ ಶುರುವಾದ ‘ಗ್ಯಾಲಕ್ಸಿ’ಯ ಸಂಪಾದಕ ಎಚ್. ಎಲ್. ಗೋಲ್ಡ್‌ಗೆ ಮನೆಯಿಂದ ಹೊರಗೆ ಕಾಲಿಡುವುದೆಂದರೆ ಭಯ. ಮ್ಯಾನ್‌ಹಾಟನ್‌ನ ಸ್ಟೈವೆಸಂಟ್ ಟೌನ್‌ನ ತಮ್ಮ ಅಪಾರ್ಟ್‌ಮೆಂಟಿನಲ್ಲೇ ಕೂತು ಫೋನಿನಲ್ಲಿ ಲೇಖಕರೊಂದಿಗೆ ಜಗಳವಾಡುತ್ತ ಅವರು ಆ ಪತ್ರಿಕೆ ನಡೆಸಿದರು.

ಈ ಪತ್ರಿಕೆಗಳನ್ನು ಓದುತ್ತ ಬೆಳೆದವರಲ್ಲಿ ಐಸಾಕ್ ಅಸಿಮೋವ್ ಒಬ್ಬರು. ರಷ್ಯದಲ್ಲಿ ಹುಟ್ಟಿ 1923ರಲ್ಲಿ, ಮೂರು ವರ್ಷದ ಮಗುವಾಗಿ ನ್ಯೂಯಾರ್ಕಿಗೆ ಬಂದರು. ಅಪ್ಪ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟರು. ಅಂಗಡಿ ಬೆಳಗಿನ ಜಾವ ತೆರೆದರೆ ಮುಚ್ಚುವುದು ನಡುರಾತ್ರಿ ಕಳೆದ ಮೇಲೆ, ವಾರದ ಏಳೂ ದಿನ. ಸ್ಕೂಲಿನಿಂದ ಬಂದ ಹುಡುಗ ಗಲ್ಲದ ಮೇಲೆ ಕೂರಬೇಕು. ಮಾರಾಟಕ್ಕಿಟ್ಟ ವಿಜ್ಞಾನ ಕಥೆಯ ಪತ್ರಿಕೆಗಳನ್ನು ಹಾಳೆ ಮಡಚದಂತೆ ಓದಿ ಮತ್ತೆ ಸ್ಟ್ಯಾಂಡಿನಲ್ಲಿಡಬೇಕು. ಎಡಿಸನ್, ಐಸೆಲಿನ್ ಕಡೆ ಅಂಗಡಿ ಇಟ್ಟಿರುವ ನಮ್ಮವರ ಮಕ್ಕಳು ಕೌಂಟರಿನ ಹಿಂದೆ ಹೋಂವರ್ಕ್ ಮಾಡುವುದನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಅಸಿಮೋವರ ರೋಬಟ್ಟುಗಳೂ ಗ್ಯಾಲಕ್ಸಿ ಸಾಮ್ರಾಜ್ಯವೂ ಎಲ್ಲರಿಗೂ ಗೊತ್ತು. ಅಂಗಡಿಯ ಹುಡುಗನ ಅನುಭವ ಹೆಚ್ಚು ಕಾಣುವುದು ಅಷ್ಟು ಪ್ರಸಿದ್ಧವಲ್ಲದ ಒಂದು ನೀಳ್ಗತೆಯಲ್ಲಿ.

ನೀರಿಗೆ ಹೋದ ಗುಜರಿಯವರು

‘ದಿ ಮಾರ್ಶಿಯನ್ ವೇ’ 1952ರ ನವೆಂಬರ್ ತಿಂಗಳ ‘ಗ್ಯಾಲಕ್ಸಿ’ಯಲ್ಲಿ ಬಂತು. ಕಥೆಯ ಮುಖ್ಯ ಪಾತ್ರಗಳಾದ ಮಾರಿಯೋ ರಿಯೋಸ್ ಮತ್ತು ಟೆಡ್ ಲಾಂಗ್ ಮಂಗಳ ಗ್ರಹದಲ್ಲಿ ನೆಲೆಸಿದವರು. ಅವರ ಕಸುಬು ಗುಜರಿ ಆಯುವುದು. ಭೂಮಿಯಿಂದ ಬರುವ ರಾಕೆಟ್ಟುಗಳು ದಾರಿಯಲ್ಲಿ ಕಳಚಿ ಎಸೆದ ಲೋಹದ ಚಿಪ್ಪುಗಳನ್ನು ಇವರು ತಿಂಗಳುಗಟ್ಟಲೆ ಒಂದು ಪುಟ್ಟ ನೌಕೆಯಲ್ಲಿ ಅಲೆದು ಹಿಡಿದು ತರಬೇಕು. ಚಿಪ್ಪು ಸಿಕ್ಕರೆ ಕಾಸು, ಸಿಗದಿದ್ದರೆ ಇಲ್ಲ. ಕಥೆ ಶುರುವಾಗುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಬೇಸತ್ತಿದ್ದಾರೆ. ಗಣಿ ಎಂಜಿನಿಯರ್ ಕೆಲಸ ಬಿಟ್ಟು ಈ ಕಸುಬಿಗೆ ಬಂದ ಲಾಂಗ್ ಭೂಮಿಯ ರಾಜಕಾರಣಿಯೊಬ್ಬನ ಭಾಷಣ ಕೇಳುತ್ತ ಕೂರುವುದು ಹಳಬ ರಿಯೋಸ್‌ಗೆ ಸಿಟ್ಟು ಬರಿಸುತ್ತದೆ. ಕೆಲಸದ ಹೊತ್ತಿನಲ್ಲಿ ರಾಜಕೀಯ ಯಾಕೆ ಎಂಬುದು ಅವನ ವಾದ.

ಆ ರಾಜಕಾರಣಿಯ ಹೆಸರು ಹಿಲ್ಡರ್. ರಾಕೆಟ್ಟುಗಳು ಹೊತ್ತೊಯ್ದು ಹೊರಚೆಲ್ಲುವುದು ಭೂಮಿಯ ನೀರನ್ನು. ಮಂಗಳದವರು ಭೂಮಿಯ ನೀರನ್ನು ಪೋಲು ಮಾಡುತ್ತಿದ್ದಾರೆ ಎಂದು ಅವನು ಜನರನ್ನು ಎತ್ತಿಕಟ್ಟುತ್ತಾನೆ. ಸಮುದ್ರದ ಲೆಕ್ಕದಲ್ಲಿ ಆ ನೀರು ಏನೂ ಅಲ್ಲ. ಆದರೆ ಭಯಕ್ಕೆ ಅಂಕಿ ಅಂಶ ಬೇಕಿಲ್ಲ. ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿಯ ಅಬ್ಬರ ನಡೆಯುತ್ತಿದ್ದ ಕಾಲಕ್ಕೆ ಬರೆದ ಈ ಪಾತ್ರ ಯಾರನ್ನು ಕುರಿತದ್ದು ಎಂಬುದನ್ನು ಅಸಿಮೋವ್ ಮುಚ್ಚಿಟ್ಟಿಲ್ಲ. ಕಾವೇರಿಯ ಹೆಸರಿನಲ್ಲಿ ಬಸ್ಸು ಸುಡುವುದನ್ನು ಕಂಡವರಿಗೆ, ನೀರಿನ ಲೆಕ್ಕ ಹೇಗೆ ಜನಗಳ ಲೆಕ್ಕವಾಗಿ ಬದಲಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿ ನೀರು ನಿಲ್ಲಿಸುತ್ತದೆ. ಆಗ ಮಂಗಳದ ಗುಜರಿಯವರು ಶನಿಗ್ರಹದ ಉಂಗುರಕ್ಕೆ ಹೋಗಿ, ಅಲ್ಲಿನ ಬೆಟ್ಟದಂಥ ಹಿಮಗಡ್ಡೆಯೊಂದಕ್ಕೆ ತಮ್ಮ ನೌಕೆಗಳನ್ನು ಹೂತು, ಅದೇ ಹಿಮವನ್ನು ಉರುವಲಿನಂತೆ ಬಳಸಿ, ಗಡ್ಡೆಯನ್ನೇ ನೌಕೆಯಾಗಿಸಿ ಮನೆಗೆ ಹಾರಿಸಿಕೊಂಡು ಬರುತ್ತಾರೆ. ಭೂಮಿಯವರು ಇದನ್ನು ಯಾಕೆ ಮಾಡಲಿಲ್ಲ ಎಂಬುದಕ್ಕೆ ಕಥೆ ಕೊಡುವ ಉತ್ತರ ನನಗೆ ಬಹಳ ಹಿಡಿಸಿತು. ತಂತ್ರಜ್ಞಾನ ಭೂಮಿಯವರ ಬಳಿಯೂ ಇದೆ. ಆದರೆ ಇಕ್ಕಟ್ಟಿನ ಗೂಡಿನಲ್ಲಿ ತಿಂಗಳುಗಟ್ಟಲೆ ಬದುಕುವ ರೂಢಿ ಅವರಿಗಿಲ್ಲ. ಮಂಗಳದವರ ಮನೆಯೂ ಗೂಡೇ, ಕೆಲಸದ ಜಾಗವೂ ಗೂಡೇ. ಬಡತನ ಕಲಿಸಿದ ಆ ರೂಢಿ ಇಲ್ಲಿ ಅವರ ಬಂಡವಾಳವಾಗುತ್ತದೆ. ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗಿ, ಪಾಳಿಯಲ್ಲಿ ಅಡಿಗೆ ಮಾಡಿಕೊಂಡು ಈ ದೇಶದಲ್ಲಿ ಮೊದಲ ವರ್ಷ ಕಳೆದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ.

ಕೊನೆಗೆ, ಭೂಮಿಗೆ ನೀರಿನ ಚಿಂತೆ ಅಷ್ಟೊಂದಿದ್ದರೆ ನಾವೇ ಮಾರುತ್ತೇವೆ ಎಂದು ಮಂಗಳದವರು ಹೇಳುವಲ್ಲಿ ಕಥೆ ಗೆಲ್ಲುತ್ತದೆ. ನನ್ನ ಮೊದಲ ಪ್ರಶ್ನೆಗೆ ಅಸಿಮೋವ್ ಕೊಡುವ ಉತ್ತರ ಇದು: ಕೆಲಸ ಮಾಡಿದವರೇ ಲಾಭದ ಯಜಮಾನರು. ಕಥೆಯ ಕೊರತೆಯನ್ನೂ ಹೇಳಬೇಕು. ಮಂಗಳದ ಮನೆಯಲ್ಲಿ ನೀರಿನ ಪಡಿತರದೊಂದಿಗೆ ದಿನವೂ ಗುದ್ದಾಡುವವಳು ರಿಯೋಸ್‌ನ ಗೆಳೆಯನ ಹೆಂಡತಿ ಡೋರಾ. ನೀರಿನ ಕಷ್ಟ ಅವಳಷ್ಟು ಬಲ್ಲವರು ಇಡೀ ಕಥೆಯಲ್ಲಿ ಬೇರೆ ಯಾರಿಲ್ಲ. ಆದರೂ ನೀರು ತರಲು ಹೋಗುವವರು ಗಂಡಸರು ಮಾತ್ರ. ಅವಳ ಪಾಲಿಗೆ ಉಳಿಯುವುದು ಕಾಯುವ ಕೆಲಸ.

ತಣ್ಣನೆಯ ಲೆಕ್ಕ

ಎರಡನೆಯ ಪ್ರಶ್ನೆ ಹೊಣೆಯದು. ಅದನ್ನು ಅತ್ಯಂತ ತೀವ್ರವಾಗಿ ಎತ್ತಿ, ನನ್ನ ಮಟ್ಟಿಗೆ ತಪ್ಪು ಉತ್ತರ ಕೊಡುವ ಕಥೆ ಟಾಮ್ ಗಾಡ್ವಿನ್‌ರ ‘ದಿ ಕೋಲ್ಡ್ ಈಕ್ವೇಶನ್ಸ್’. ಇದು 1954ರ ಆಗಸ್ಟ್‌ನಲ್ಲಿ ಕ್ಯಾಂಪ್‌ಬೆಲ್‌ರ ‘ಅಸ್ಟೌಂಡಿಂಗ್’ನಲ್ಲಿ ಪ್ರಕಟವಾಯಿತು.

ಬಾರ್ಟನ್ ಎಂಬ ಪೈಲಟ್ ದೂರದ ಗ್ರಹವೊಂದರಲ್ಲಿ ಜ್ವರದಿಂದ ಬಿದ್ದಿರುವ ಆರು ಜನರಿಗೆ ಔಷಧ ಒಯ್ಯುತ್ತಿದ್ದಾನೆ. ಪುಟ್ಟ ನೌಕೆ, ಅವನೊಬ್ಬನ ತೂಕಕ್ಕೆ ಬೇಕಾದಷ್ಟೇ ಇಂಧನ. ದಾರಿಯಲ್ಲಿ ಗೊತ್ತಾಗುತ್ತದೆ, ಹದಿನೆಂಟು ವರ್ಷದ ಮ್ಯಾರಿಲಿನ್ ಎಂಬ ಹುಡುಗಿ ಒಳಗೆ ಅಡಗಿ ಕೂತಿದ್ದಾಳೆ. ಅದೇ ಗ್ರಹದಲ್ಲಿ ಕೆಲಸಕ್ಕಿರುವ ಅಣ್ಣನನ್ನು ನೋಡುವ ಆಸೆ. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎಂದು ಅವಳು ಅಂದುಕೊಂಡಿದ್ದಾಳೆ. ಆದರೆ ಅವಳ ತೂಕದೊಂದಿಗೆ ನೌಕೆ ಇಳಿಯಲಾರದು, ಎಲ್ಲರೂ ಸಾಯುತ್ತಾರೆ. ನಿಯಮದ ಪ್ರಕಾರ ಅವಳನ್ನು ಹೊರಗೆ ಹಾಕಬೇಕು. ಅವಳು ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಾಳೆ, ಅಣ್ಣನ ಜೊತೆ ರೇಡಿಯೋದಲ್ಲಿ ನಾಲ್ಕು ಮಾತಾಡುತ್ತಾಳೆ, ಆಮೇಲೆ ತಾನೇ ನಡೆದು ಬಾಗಿಲ ಗೂಡಿಗೆ ಹೋಗುತ್ತಾಳೆ.

ಓದುವಾಗ ಗಂಟಲು ಕಟ್ಟುತ್ತದೆ, ನಿಜ. ಭೌತಶಾಸ್ತ್ರಕ್ಕೆ ಕರುಣೆ ಇಲ್ಲ, ಅಲ್ಲಿ ಯಾರೂ ಖಳರಲ್ಲ ಎಂಬುದು ಕಥೆಯ ನಿಲುವು. ಹುಡುಗಿಯನ್ನು ಹೇಗಾದರೂ ಬದುಕಿಸುವ ಉಪಾಯಗಳನ್ನು ಗಾಡ್ವಿನ್ ಹೂಡಿದ್ದರೂ ಕ್ಯಾಂಪ್‌ಬೆಲ್ ಒಪ್ಪದೆ ಕಥೆಯನ್ನು ಮತ್ತೆ ಮತ್ತೆ ತಿದ್ದಿಸಿದರು ಎಂಬುದು ಈ ಸಾಹಿತ್ಯದ ಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ಆ ಕ್ರೌರ್ಯವೇ ಕಥೆಗೆ ಹೆಸರು ತಂದಿತು. ಅದರ ವಿರುದ್ಧದ ವಾದವೂ ಅಷ್ಟೇ ಹಳೆಯದು. ಬಾಗಿಲಿಗೆ ಒಂದು ಬೀಗ ಯಾಕಿಲ್ಲ? ಹೊರಡುವ ಮುಂಚೆ ಒಳಗೆ ಯಾರಿದ್ದಾರೆ ಎಂದು ಒಂದು ಸಲ ಇಣುಕಿ ನೋಡುವ ಪದ್ಧತಿ ಯಾಕಿಲ್ಲ? ಒಳಗೆ ಹೋದರೆ ಸಾವು ಎಂದು ಸ್ಪಷ್ಟವಾಗಿ ಬರೆಯದೆ, ಬರಿಯ ಪ್ರವೇಶ ನಿಷೇಧದ ಫಲಕ ಯಾಕೆ? ಒಂದಿಷ್ಟೂ ಹೆಚ್ಚುವರಿ ಇಂಧನ ಇಡದೆ ನೌಕೆ ಕಳಿಸುವ ತೀರ್ಮಾನ ಯಾರದು? ಇವ್ಯಾವುವೂ ನಿಸರ್ಗದ ನಿಯಮಗಳಲ್ಲ. ಯಾವುದೋ ಕಚೇರಿಯಲ್ಲಿ, ಯಾರೋ ಖರ್ಚು ಉಳಿಸಲು ಮಾಡಿದ ತೀರ್ಮಾನಗಳು. ಕಥೆ ಅವರನ್ನು ತೆರೆಯ ಹಿಂದೆ ಇಟ್ಟು, ಕೊಲ್ಲುವ ಕೆಲಸವನ್ನು ಸಂಬಳದ ಪೈಲಟ್ಟಿಗೂ ಸಾಯುವ ಕೆಲಸವನ್ನು ಹುಡುಗಿಗೂ ಹಂಚಿ, ತಪ್ಪನ್ನು ಗಣಿತದ ಮೇಲೆ ಹಾಕುತ್ತದೆ.

ಈ ಬಗೆಯ ಕಥೆ ನನಗೆ ಕೆಲಸದಿಂದಲೂ ಗೊತ್ತು. ದೂರಸಂಪರ್ಕ ಜಾಲಗಳ ನಿರ್ವಹಣೆಯಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಒಂದು ಸಂಸ್ಥೆಯಲ್ಲಿ ರಾತ್ರಿ ಪಾಳಿಯ ಮೂವರನ್ನು ಖರ್ಚಿನ ನೆಪದಲ್ಲಿ ಒಬ್ಬರಿಗೆ ಇಳಿಸಿದರು. ಕೆಲವು ತಿಂಗಳ ನಂತರ ಒಂದು ರಾತ್ರಿ ಜಾಲ ಬಿದ್ದು ಹೋಯಿತು. ವಿಚಾರಣೆಯ ವರದಿಯಲ್ಲಿ ಇದ್ದದ್ದು ಆ ರಾತ್ರಿ ಕೀಲಿಮಣೆಯ ಮುಂದೆ ಕೂತಿದ್ದವನು ಯಾವ ನಿಮಿಷದಲ್ಲಿ ಯಾವ ಆಜ್ಞೆ ಒತ್ತಿದ ಎಂಬ ವಿವರ ಮಾತ್ರ. ಅವನು ಯಾಕೆ ಒಬ್ಬನೇ ಇದ್ದ ಎಂಬ ಸಾಲು ಅದರಲ್ಲಿ ಇರಲಿಲ್ಲ. ‘ದಿ ಕೋಲ್ಡ್ ಈಕ್ವೇಶನ್ಸ್’ ಅದೇ ಜಾತಿಯ ವರದಿ, ಸೊಗಸಾಗಿ ಬರೆದದ್ದು.

ಬೆತ್‌ಪೇಜ್‌ನ ಬಿಲ್ಲು

ಆ ಕಥೆಗೆ ಉತ್ತರ ಸಿಕ್ಕಿದ್ದು ಹದಿನಾರು ವರ್ಷಗಳ ನಂತರ, ಸಾಹಿತ್ಯದಲ್ಲಲ್ಲ, ಕೆಲಸದಲ್ಲಿ. ಚಂದ್ರನ ಮೇಲೆ ಇಳಿಯುವ ನೌಕೆಯನ್ನು ಕಟ್ಟಿದ್ದು ಲಾಂಗ್ ಐಲ್ಯಾಂಡಿನ ಬೆತ್‌ಪೇಜ್‌ನ ಗ್ರಮ್ಮನ್ ಕಾರ್ಖಾನೆ. ಅದರ ಮುಖ್ಯ ಎಂಜಿನಿಯರ್ ಟಾಮ್ ಕೆಲಿಯ ಹೆಸರು ಚರಿತ್ರೆಯಲ್ಲಿದೆ; ಶೀಟು ಕತ್ತರಿಸಿದ, ತಂತಿ ಬೆಸೆದ, ಒಂದೊಂದು ಕೊಳವೆಯ ಸೋರಿಕೆ ನೋಡಿದ ಸಾವಿರಾರು ಜನರ ಹೆಸರು ಇಲ್ಲ. ಗಗನಯಾತ್ರಿಗಳ ಉಡುಪು ಹೊಲಿದವರೂ ನಮ್ಮ ನೆರೆಯ ಡೆಲವೇರ್ ರಾಜ್ಯದ ಡೋವರ್‌ನ ಹೊಲಿಗೆ ಹೆಂಗಸರು. ಹೆಂಗಸರ ಒಳಉಡುಪು ತಯಾರಿಸುವ ಕಂಪನಿಯ ಕೆಲಸಗಾರರೇ ಚಂದ್ರನ ಉಡುಪಿಗೂ ಹೊಲಿಗೆ ಹಾಕಿದರು.

1970ರ ಏಪ್ರಿಲ್ 13ರಂದು ಅಪೋಲೋ 13 ನೌಕೆಯ ಆಮ್ಲಜನಕದ ತೊಟ್ಟಿ ಸ್ಫೋಟಿಸಿತು. ಮೂವರು ಗಗನಯಾತ್ರಿಗಳು ಗ್ರಮ್ಮನ್ ಕಟ್ಟಿದ್ದ ‘ಅಕ್ವೇರಿಯಸ್’ ಎಂಬ ಇಳಿಯುವ ನೌಕೆಯಲ್ಲಿ ಆಶ್ರಯ ಪಡೆದರು. ಅದು ಇಬ್ಬರಿಗೆ ಸುಮಾರು ಎರಡು ದಿನಕ್ಕೆಂದು ಕಟ್ಟಿದ್ದು. ಮೂವರನ್ನು ಹೆಚ್ಚೂಕಡಿಮೆ ನಾಲ್ಕು ದಿನ ಬದುಕಿಸಿತು. ಲೆಕ್ಕ ಇಲ್ಲಿಯೂ ತಣ್ಣನೆಯದೇ, ಒಬ್ಬ ಹೆಚ್ಚುವರಿ ಮನುಷ್ಯ ಇಲ್ಲಿಯೂ ಇದ್ದ. ಆದರೆ ಈ ನೌಕೆ ಕಟ್ಟಿದವರು ಅಂಚಿನಲ್ಲಿ ಒಂದಿಷ್ಟು ಜಾಗ ಬಿಟ್ಟಿದ್ದರು. ನೆಲದ ಮೇಲಿದ್ದವರು ನಿದ್ದೆಗೆಟ್ಟು ವಿದ್ಯುತ್ತು, ನೀರು, ಗಾಳಿಯ ಒಂದೊಂದು ಪಾಲನ್ನೂ ಮತ್ತೆ ಹಂಚಿದರು. ಯಾರನ್ನೂ ಹೊರಗೆ ಹಾಕಬೇಕಾಗಲಿಲ್ಲ. ಏಪ್ರಿಲ್ 17ರಂದು ಮೂವರೂ ಸಮುದ್ರಕ್ಕೆ ಇಳಿದರು.

ಆಮೇಲೆ ಬೆತ್‌ಪೇಜ್‌ನವರು ಒಂದು ತಮಾಷೆ ಮಾಡಿದರು. ಕೆಟ್ಟುಹೋದ ಮುಖ್ಯ ನೌಕೆಯನ್ನು ಕಟ್ಟಿದ್ದ ನಾರ್ತ್ ಅಮೆರಿಕನ್ ರಾಕ್ವೆಲ್ ಕಂಪನಿಗೆ, ಕೆಟ್ಟ ಕಾರನ್ನು ಎಳೆದು ತಂದ ಗ್ಯಾರೇಜಿನವರಂತೆ, ಬಿಲ್ಲು ಕಳಿಸಿದರು. ಎಳೆದದ್ದಕ್ಕೆ ಮೊದಲ ಮೈಲಿಗೆ 4 ಡಾಲರ್, ಆಮೇಲೆ ಮೈಲಿಗೆ 1 ಡಾಲರ್; ಬ್ಯಾಟರಿ ಚಾರ್ಜು ಬೇರೆ; ಆಮ್ಲಜನಕ ಬೇರೆ; ಹೆಚ್ಚುವರಿ ಅತಿಥಿಯ ವಸತಿ ಬೇರೆ. ರಿಯಾಯಿತಿ ಕಳೆದು ಒಟ್ಟು 3,12,421 ಡಾಲರ್ 24 ಸೆಂಟ್. ಬಿಲ್ಲು ಪಾವತಿಯಾಗಲಿಲ್ಲ. ದುಡಿಯುವವರ ಅಂತರಿಕ್ಷ ಸಾಹಿತ್ಯ ಎಂಬುದೊಂದಿದ್ದರೆ ಈ ಒಂದು ಪುಟವನ್ನು ನಾನು ಅದರಲ್ಲಿ ಸೇರಿಸುತ್ತೇನೆ. ಇಡೀ ಜಗತ್ತು ವೀರರ ಕಥೆ ಹೇಳುತ್ತಿದ್ದಾಗ, ಇದು ನಮ್ಮ ಕೆಲಸವೂ ಹೌದು, ನಮಗೂ ಒಂದು ದರ ಇದೆ ಎಂದು ನಗುನಗುತ್ತ ನೆನಪಿಸುವ ದನಿ ಅದರಲ್ಲಿದೆ. ಲಾಂಗ್ ಐಲ್ಯಾಂಡಿನ ಗಾರ್ಡನ್ ಸಿಟಿಯ ಕ್ರೇಡಲ್ ಆಫ್ ಏವಿಯೇಶನ್ ಮ್ಯೂಸಿಯಮ್‌ನಲ್ಲಿ, ಚಂದ್ರನಿಗೆ ಹೋಗದೆ ಉಳಿದ ಗ್ರಮ್ಮನ್ ನೌಕೆಯೊಂದಿದೆ. ಮಕ್ಕಳನ್ನು ಕರೆದೊಯ್ದರೆ ಅದರ ಬೆಸುಗೆಗಳನ್ನು ತೋರಿಸಿ.

ಹೋಗಲಾರದವರು ರಿಪೇರಿ ಮಾಡುವ ಹಡಗು

ಹಾರ್ಲೆಮ್‌ನಲ್ಲಿ 1942ರಲ್ಲಿ ಹುಟ್ಟಿದ ಸ್ಯಾಮ್ಯುಯೆಲ್ ಡಿಲೇನಿಯ ‘ದಿ ಸ್ಟಾರ್ ಪಿಟ್’ 1967ರಲ್ಲಿ ಪ್ರಕಟವಾಯಿತು. ಅದೇ ವರ್ಷ ನ್ಯೂಯಾರ್ಕಿನ ಡಬ್ಲ್ಯೂಬಿಎಐ ರೇಡಿಯೋ ಅದನ್ನು ನಾಟಕವಾಗಿಯೂ ಬಿತ್ತರಿಸಿತು. ಕಥೆ ಹೇಳುವವನು ವೈಮ್ ಎಂಬ ಮಧ್ಯವಯಸ್ಸಿನ ಮೆಕ್ಯಾನಿಕ್. ಗ್ಯಾಲಕ್ಸಿಯ ಅಂಚಿನ ಒಂದು ನಿಲ್ದಾಣದಲ್ಲಿ ಅವನದು ನೌಕೆ ರಿಪೇರಿ ಮಾಡುವ ಶೆಡ್ಡು. ಕುಡಿತ, ಕೋಪ, ಕಳೆದುಕೊಂಡ ಸಂಸಾರ ಮತ್ತು ಮಕ್ಕಳು ಅವನ ಹಿಂದಿನ ಬದುಕು. ಆ ಲೋಕದಲ್ಲಿ ಗ್ಯಾಲಕ್ಸಿ ದಾಟಿ ಹೋಗಬಲ್ಲವರು ಕೆಲವರೇ. ಅವರನ್ನು ‘ಗೋಲ್ಡನ್’ ಎನ್ನುತ್ತಾರೆ. ಉಳಿದವರು ಒಂದು ಗಡಿ ದಾಟಿದರೆ ಹುಚ್ಚು ಹಿಡಿದು ಸಾಯುತ್ತಾರೆ. ಗೋಲ್ಡನ್ ಆಗುವುದು ಶ್ರಮದಿಂದಲ್ಲ, ಒಳ್ಳೆಯತನದಿಂದಲೂ ಅಲ್ಲ, ಹುಟ್ಟಿನ ಆಕಸ್ಮಿಕ. ಅವರಲ್ಲಿ ಬಹುಪಾಲು ಒರಟರು. ವೈಮ್ ಮತ್ತು ಅವನ ಕೈಕೆಳಗಿನ ಹುಡುಗರು ತಾವು ಎಂದೂ ಕೂರಲಾರದ ಪ್ರಯಾಣದ ನೌಕೆಗಳನ್ನು ದಿನವೂ ರಿಪೇರಿ ಮಾಡಿ ಕಳಿಸುತ್ತಾರೆ.

ಈ ಕಥೆಯಲ್ಲಿ ಸಂಬಳದ ಜಗಳವಿಲ್ಲ. ಇಲ್ಲಿರುವುದು ಅದಕ್ಕಿಂತ ಆಳದ ಗಾಯ. ಗ್ರೀಸ್ ಹತ್ತಿದ ಕೈಗೆ ತಾನು ತಲುಪಲಾರದ ಜಾಗ ಎಷ್ಟು ದೂರ ಎಂಬುದು ನಿಖರವಾಗಿ ಗೊತ್ತಿದೆ, ಏಕೆಂದರೆ ಆ ದೂರಕ್ಕೆ ಬೇಕಾದ ಎಂಜಿನ್ ಬಿಗಿ ಮಾಡಿದ್ದು ಅದೇ ಕೈ. ಕರಿಯ ಲೇಖಕನೊಬ್ಬ 1960ರ ದಶಕದ ಅಮೆರಿಕದಲ್ಲಿ ಗಡಿ ಮತ್ತು ಹುಟ್ಟಿನ ಬಗ್ಗೆ ಬರೆದದ್ದು ಇದು ಎಂಬುದನ್ನು ಮರೆಯುವಂತಿಲ್ಲ. ಆದರೆ ಡಿಲೇನಿ ಅದನ್ನು ಸಾಂಕೇತಿಕ ಪಾಠವಾಗಲು ಬಿಡುವುದಿಲ್ಲ. ವೈಮ್‌ನ ಅಸೂಯೆ, ತನ್ನ ಹುಡುಗರ ಮೇಲಿನ ಒರಟು ಅಕ್ಕರೆ, ಅವರು ತಾನು ಮಾಡಿದ್ದನ್ನೇ ಮಾಡಿ ಹಾಳಾಗುವುದನ್ನು ತಡೆಯಲಾರದ ಅಸಹಾಯಕತೆ ಎಲ್ಲವೂ ಒಬ್ಬ ನಿಜವಾದ ಮನುಷ್ಯನವು. ನಾವು ಇಲ್ಲಿ ಓದಿದ ಮೂರು ಕಥೆಗಳಲ್ಲಿ, ನೌಕೆಯನ್ನು ತೆಗೆದರೂ ಮನುಷ್ಯ ಉಳಿಯುವುದು ಇದರಲ್ಲಿ ಮಾತ್ರ.

ಬೋನಸ್ಸು ಮತ್ತು ಅಡಿಗೆಮನೆ

ಆಮೇಲಿನ ಕೃತಿಗಳಲ್ಲಿ ಎರಡನ್ನು ಒಟ್ಟಿಗೆ ನೋಡಬೇಕು. 1979ರ ‘ಏಲಿಯನ್’ ಸಿನಿಮಾ ಎಲ್ಲರೂ ಭಯಕ್ಕಾಗಿ ನೆನೆಯುವಂಥದ್ದು. ಅದರ ಮೊದಲ ಭಾಗವನ್ನು ಮತ್ತೆ ನೋಡಿ. ‘ನಾಸ್ಟ್ರೋಮೋ’ ಅದಿರಿನ ಭಾರ ಎಳೆಯುವ ಲಾರಿಯಂಥ ನೌಕೆ. ಅದರಲ್ಲಿರುವುದು ಏಳು ಜನ. ಊಟದ ಮೇಜಿನಲ್ಲಿ ಪಾರ್ಕರ್ ಮತ್ತು ಬ್ರೆಟ್ ಎಂಬ ಇಬ್ಬರು ಎಂಜಿನ್ ಕೋಣೆಯವರು ತಮಗೆ ಬೋನಸ್ಸಿನಲ್ಲಿ ಉಳಿದವರಷ್ಟು ಪಾಲಿಲ್ಲ ಎಂದು ತಕರಾರು ತೆಗೆಯುತ್ತಾರೆ. ಅಪರಿಚಿತ ಸಂಕೇತ ಬಂದಲ್ಲಿಗೆ ಹೋಗದಿದ್ದರೆ ಇರುವ ಪಾಲೂ ಹೋಗುತ್ತದೆ ಎಂಬ ಕರಾರಿನ ಷರತ್ತು ತೋರಿಸಿ ಅವರ ಬಾಯಿ ಮುಚ್ಚಿಸುತ್ತಾರೆ. ಮುಂದೆ ಗೊತ್ತಾಗುವುದು, ಆ ಜೀವಿಯನ್ನು ತರಲು ಸಿಬ್ಬಂದಿ ಸತ್ತರೂ ಚಿಂತೆಯಿಲ್ಲ ಎಂದು ಕಂಪನಿ ಮೊದಲೇ ಗುಟ್ಟಾಗಿ ಆಜ್ಞೆ ಕೊಟ್ಟಿತ್ತು. ‘ದಿ ಕೋಲ್ಡ್ ಈಕ್ವೇಶನ್ಸ್’ ತೆರೆಯ ಹಿಂದೆ ಅಡಗಿಸಿದ್ದ ಕಚೇರಿಯನ್ನು ಈ ಸಿನಿಮಾ ಎಳೆದು ಮುಂದೆ ನಿಲ್ಲಿಸುತ್ತದೆ.

ಬೆಕಿ ಚೇಂಬರ್ಸ್ 2014ರಲ್ಲಿ ಮೊದಲು ತಾವೇ ಪ್ರಕಟಿಸಿದ ‘ದಿ ಲಾಂಗ್ ವೇ ಟು ಎ ಸ್ಮಾಲ್, ಆಂಗ್ರಿ ಪ್ಲಾನೆಟ್’ ಕಾದಂಬರಿ ಇನ್ನೊಂದು ದಾರಿ ಹಿಡಿಯುತ್ತದೆ. ‘ವೇಫೇರರ್’ ಎಂಬ ಹಳೆಯ, ತೇಪೆ ಹಾಕಿದ ನೌಕೆಯವರ ಕೆಲಸ ಅಂತರಿಕ್ಷದಲ್ಲಿ ಸುರಂಗ ಕೊರೆಯುವುದು. ನಮ್ಮ ಭಾಷೆಯಲ್ಲಿ ಸಣ್ಣ ರಸ್ತೆ ಕಂಟ್ರಾಕ್ಟರರು. ಕಥೆ ಶುರುವಾಗುವುದು ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತೆಯಾಗಿ ಸೇರಲು ರೋಸ್‌ಮೆರಿ ಎಂಬ ಹುಡುಗಿ ಬರುವಲ್ಲಿಂದ. ನೌಕೆಯ ವೈದ್ಯನೂ ಅಡಿಗೆಯವನೂ ಒಬ್ಬನೇ, ಡಾಕ್ಟರ್ ಷೆಫ್. ಬೇರೆ ಬೇರೆ ಗ್ರಹ, ಬೇರೆ ಬೇರೆ ಮೈಕಟ್ಟಿನವರು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಯಾರಿಗೆ ಏನು ಆಗುವುದಿಲ್ಲ, ಯಾರ ಮುಂದೆ ಏನು ತಿನ್ನಬಾರದು ಎಂಬುದನ್ನು ಕಲಿಯುವುದರಲ್ಲೇ ಸ್ನೇಹ ಬೆಳೆಯುತ್ತದೆ. ಕಾದಂಬರಿಯ ನಿಜವಾದ ಸಾಧನೆ ಆ ಅಡಿಗೆಮನೆ. ಒಂದೇ ಕಚೇರಿಯ ಮೈಕ್ರೋವೇವಿನ ಮುಂದೆ ಹತ್ತು ದೇಶದವರೊಂದಿಗೆ ಸಾಲು ನಿಂತ ಅನುಭವವನ್ನು ಇಷ್ಟು ಕೂಲಂಕಷವಾಗಿ ಬೇರೆ ಯಾವ ವಿಜ್ಞಾನ ಕಥೆಯಲ್ಲೂ ನಾನು ಕಂಡಿಲ್ಲ.

ಆದರೂ ನನಗೊಂದು ಅತೃಪ್ತಿ ಇದೆ. ವೇಫೇರರಿನಲ್ಲಿ ಯಜಮಾನ ಒಳ್ಳೆಯವನು, ಸಹೋದ್ಯೋಗಿಗಳು ಒಳ್ಳೆಯವರು, ಮುನಿಸಿದ್ದರೂ ಮಾತಾಡಿದರೆ ಕರಗುತ್ತದೆ. ಪಾರ್ಕರ್ ಕೇಳಿದ ಪಾಲಿನ ಪ್ರಶ್ನೆಯನ್ನು ಅಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕೆಲಸದ ಜಾಗವೇ ಕುಟುಂಬ ಎಂಬ ಮಾತು ಕಥೆಯಲ್ಲಿ ಸಿಹಿ. ನಿಜ ಜೀವನದಲ್ಲಿ ಅದನ್ನು ಹೆಚ್ಚಾಗಿ ಕೇಳುವುದು ಓವರ್‌ಟೈಮ್ ಹಣ ಕೊಡದ ಕಡೆ. ‘ಏಲಿಯನ್’ಗೆ ಸಂಬಳದ ಲೆಕ್ಕ ಗೊತ್ತು, ಒಲವಿಗೆ ಅದರಲ್ಲಿ ಜಾಗವಿಲ್ಲ. ಚೇಂಬರ್ಸ್‌ಗೆ ಒಲವು ಗೊತ್ತು, ಲೆಕ್ಕದ ವಿಷಯದಲ್ಲಿ ಅವರು ಬೇಗ ಸಮಾಧಾನ ಹೊಂದುತ್ತಾರೆ. ಎರಡನ್ನೂ ಒಂದೇ ಮೇಜಿಗೆ ತರುವ ಕೃತಿಗೆ ಇನ್ನೂ ಜಾಗ ಖಾಲಿ ಇದೆ.

ಮಂದಣ್ಣನ ಮನೆತನ

ಆ ಜಾಗವನ್ನು ಕನ್ನಡ ತುಂಬಬಹುದೇ? ನಮ್ಮ ವಿಜ್ಞಾನ ಕಥೆಗೆ ರಾಜಶೇಖರ ಭೂಸನೂರಮಠರಂಥ ಹಿರಿಯರು ಹಾಕಿದ ಅಡಿಪಾಯವಿದೆ. ಆದರೆ ದುಡಿಯುವವರ ಕಥೆಯ ಬೇರು ಹುಡುಕಲು ನಾನು ಬೇರೆ ಕಡೆ ಹೋಗುತ್ತೇನೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಎಷ್ಟೋ ಜನರ ಹೆಸರಿನಲ್ಲೇ ಕಸುಬು ಇದೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ದೋಣಿ, ಬುಟ್ಟಿ, ಹಗ್ಗ, ಅಕ್ಕಿ ಇವರ ಮಾತಿನಲ್ಲಿ ಅಲಂಕಾರಕ್ಕೆ ಬಂದವಲ್ಲ. ಅವರ ವಿಚಾರವೇ ಆ ಸಾಮಾನುಗಳ ಮೂಲಕ ನಡೆಯುತ್ತದೆ. ಕೂಲಿ ಎಷ್ಟು ತರಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಗಂಡನನ್ನೇ ಕೇಳಿದವಳು ಲಕ್ಕಮ್ಮ. ಕೆಲಸದ ಬಗ್ಗೆ ನಾನು ಎತ್ತಿದ ಮೊದಲ ಪ್ರಶ್ನೆ ಅವಳದೇ.

ಹತ್ತಿರದ ಕಾಲದಲ್ಲಿ ‘ಕರ್ವಾಲೋ’ ಇದೆ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿಯಲ್ಲಿ ರಾಕೆಟ್ಟಿಲ್ಲ. ಮೂಡಿಗೆರೆಯ ಕಾಡಿದೆ, ಲಕ್ಷಾಂತರ ವರ್ಷ ಹಿಂದಿನಿಂದ ಉಳಿದು ಬಂದ ಒಂದು ಹಾರುವ ಓತಿ ಇದೆ. ಅದನ್ನು ಹುಡುಕಿ ಹೊರಡುವ ತಂಡ ನೋಡಿ: ವಿಜ್ಞಾನಿ ಕರ್ವಾಲೋ ಜೊತೆಗೆ ಜೇನಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕೆಲಸದ ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಕಿವಿ ಎಂಬ ನಾಯಿ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಅವನ ಆಸೆಯಾದರೋ ಒಂದು ಜವಾನನ ನೌಕರಿ. ಅವನ ಕಣ್ಣಿನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಗುರುತಿಸುವವರು ಕರ್ವಾಲೋ ಒಬ್ಬರೇ. ಕೊನೆಗೆ ಓತಿ ಕೈತಪ್ಪಿ ಹೋಗುತ್ತದೆ. ತಂಡ ಮಾತ್ರ ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ. ಡಿಲೇನಿಯ ವೈಮ್ 1967ರಲ್ಲಿ ಎತ್ತಿದ ಪ್ರಶ್ನೆಗೆ, ಅಂದರೆ ತಿಳಿವಳಿಕೆ ಇದ್ದರೂ ಗಡಿ ದಾಟಲು ಅರ್ಹತೆ ಇಲ್ಲ ಎನಿಸಿಕೊಂಡವರ ಪ್ರಶ್ನೆಗೆ, ತೇಜಸ್ವಿ ಕೊಡುವ ಉತ್ತರ ಹೆಚ್ಚು ಉದಾರವಾದದ್ದು. ಮಂದಣ್ಣನಿಲ್ಲದೆ ಕರ್ವಾಲೋಗೆ ಆ ಓತಿಯ ಸುಳಿವೂ ಸಿಗುತ್ತಿರಲಿಲ್ಲ.

ಕನ್ನಡ ನಾಡಿನ ಅಂತರಿಕ್ಷವೂ ಹೀಗೆಯೇ ಶುರುವಾದದ್ದು. ಉಡುಪಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ, 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಲೇತು ತಿರುಗುವ ಸಣ್ಣ ಕಾರ್ಖಾನೆಗಳ ನಡುವೆ. ದತ್ತಾಂಶ ಪಡೆಯುವ ಕೇಂದ್ರಕ್ಕೆ ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಅದಕ್ಕಾಗಿ ಬದಲಿಸಿಕೊಂಡದ್ದನ್ನು ರಾವ್ ಹೇಳಿಕೊಂಡಿದ್ದಾರೆ. 1981ರಲ್ಲಿ ಆಪಲ್ ಉಪಗ್ರಹವನ್ನು, ಲೋಹದ ವಾಹನ ಪರೀಕ್ಷೆಗೆ ಅಡ್ಡಿಯಾಗಬಾರದೆಂದು, ಎತ್ತಿನ ಗಾಡಿಯ ಮೇಲೆ ಇಟ್ಟರು. ಆ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಗಾಡಿ ಹೊಡೆದವನ ಕಥೆಯನ್ನು ಯಾರು ಬರೆದಿದ್ದಾರೆ?

ಇದೇ ಪ್ರಶ್ನೆಯನ್ನು ನಾವು ನಮ್ಮ ಕಡೆಗೂ ತಿರುಗಿಸಬೇಕು. ಅಮೆರಿಕದ ಕನ್ನಡ ಕಥೆಗಳಲ್ಲಿ ಊರಿನ ನೆನಪಿದೆ, ಮಕ್ಕಳ ಭಾಷೆಯ ಚಿಂತೆ ಇದೆ, ವಯಸ್ಸಾದ ಅಪ್ಪ ಅಮ್ಮನ ಒಂಟಿತನ ಇದೆ. ಪಾತ್ರಗಳು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತವೆ, ಸಂಜೆ ಬರುತ್ತವೆ. ನಡುವಿನ ಎಂಟು ಹತ್ತು ಗಂಟೆ ಏನು ಮಾಡಿದವು ಎಂಬುದು ಬಹುಪಾಲು ಕಥೆಗಳಲ್ಲಿ ಕಾಣುವುದಿಲ್ಲ. ನಮ್ಮ ಸ್ಮರಣ ಸಂಚಿಕೆಗಳ ಪರಿಚಯ ಪುಟಗಳಲ್ಲಿಯೂ ವೈದ್ಯರು, ಎಂಜಿನಿಯರುಗಳು, ಉದ್ಯಮಿಗಳು ಸಿಗುತ್ತಾರೆ. ಹೋಟೆಲಿನ ಅಡಿಗೆಯವರು, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ನಿಲ್ಲುವವರು, ಬೇರೆಯವರ ಮಗು ನೋಡಿಕೊಳ್ಳುವ ತಾಯಂದಿರು, ವೀಸಾ ಅವಧಿಯ ಭಯದಲ್ಲಿ ಎರಡು ಪಾಳಿಯ ಕೆಲಸ ಒಬ್ಬರೇ ಮಾಡುವ ಹುಡುಗರು ನಮ್ಮ ಯುಗಾದಿ ಊಟದ ಸಾಲಿನಲ್ಲಿ ಇದ್ದಾರೆ, ಸಂಚಿಕೆಯಲ್ಲಿ ಇಲ್ಲ. ಇದು ವಿನಯದ ಕೊರತೆ ಮಾತ್ರವಲ್ಲ, ಸಾಹಿತ್ಯದ ನಷ್ಟ. ಇವರ ಬದುಕಿನಲ್ಲಿಯೇ ನಮ್ಮ ಅತ್ಯಂತ ಗಟ್ಟಿಯಾದ ಕಥಾವಸ್ತು ಇದೆ.

ಅಂತರಿಕ್ಷದ ಕಥೆ ಇದಕ್ಕೆ ಸುತ್ತುದಾರಿ ಎನಿಸಬಹುದು. ನನಗೆ ಅದು ಅನುಕೂಲದ ದಾರಿ. ನಮ್ಮ ಕಂಪನಿ, ನಮ್ಮ ಮ್ಯಾನೇಜರು, ನಮ್ಮ ವೀಸಾ ಎಂದು ನೇರವಾಗಿ ಬರೆಯಲು ಹಿಂಜರಿಯುವ ಬರಹಗಾರರಿಗೆ ಶನಿಯ ಉಂಗುರ ಒಂದು ಸುರಕ್ಷಿತ ವಿಳಾಸ. ಮೆಕಾರ್ಥಿಯ ಕಾಲದಲ್ಲಿ ಅಸಿಮೋವ್ ಅದನ್ನೇ ಮಾಡಿದರು. ಅಲ್ಲದೆ, ಅಂತರಿಕ್ಷದಲ್ಲಿ ಗಾಳಿ, ನೀರು, ಗೋಡೆ ಯಾವುದೂ ಪುಕ್ಕಟೆ ಇಲ್ಲ. ಪ್ರತಿಯೊಂದನ್ನೂ ಯಾರೋ ಒಬ್ಬರು ಪಾಳಿಯಲ್ಲಿ ನಿಂತು ಒದಗಿಸಬೇಕು. ಭೂಮಿಯ ಮೇಲೆ ಕಣ್ಣಿಗೆ ಬೀಳದ ದುಡಿಮೆ ಅಲ್ಲಿ ತಾನಾಗಿ ಕಣ್ಣಿಗೆ ಬೀಳುತ್ತದೆ.

ಬೇಕಾದ ಮಾತುಗಳೂ ನಮ್ಮಲ್ಲಿ ಸಿದ್ಧವಾಗಿವೆ: ಪಾಳಿ, ಗುಜರಿ, ತೇಪೆ, ಬೆಸುಗೆ, ಪಗಾರ, ಬಟವಾಡೆ, ಬಾಕಿ. ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಹಗಲು ರಾತ್ರಿ ಕೆಲಸ ಮಾಡುತ್ತಿದೆ. ಅಲ್ಲಿನ ರಾತ್ರಿ ಪಾಳಿಯವರು, ಕಾವಲಿನವರು, ಕ್ಯಾಂಟೀನಿನಲ್ಲಿ ಚಹಾ ಕಾಯಿಸುವವರು ಇರುವ ಒಂದು ಕಥೆಯನ್ನು ನಮ್ಮ ಮುಂದಿನ ಸಂಚಿಕೆಗೆ ಯಾರಾದರೂ ಬರೆದರೆ ಮೊದಲು ಓದುವವನು ನಾನು. ಅದರಲ್ಲಿ ಬಿಲ್ಲು ಯಾರಿಗೆ ಹೋಯಿತು ಎಂಬುದನ್ನೂ ದಯವಿಟ್ಟು ಬರೆಯಿರಿ.